ಸಿಪ್ಪೆ ಅವರಿಗೆ, ಹಣ್ಣು ನಮಗೆ

ಖಡಕಿ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷವಾಯಿತು. ಆ ವಯಸ್ಸಿಗೆ ನಮ್ಮ ಚಾಳಿನ ಹೆಂಗಸರು ಪಂಢರಪುರಕ್ಕೋ ಕಾಶಿಗೋ ಹೋಗಿ ಬರುತ್ತಾರೆ. ನಾನು ಒಂದು ಪೈ ಮಾಡಲಿಕ್ಕೆ ಇಂಗ್ಲೆಂಡಿಗೆ ಹೋದೆ. ಹೋಗಿ ಬಂದವರೆಲ್ಲ ಆ ದೇಶದ ರಸ್ತೆಯ ಮೇಲೆ ಕೂತು ಉಣ್ಣಬಹುದು, ಅಷ್ಟು ಸ್ವಚ್ಛ ಎನ್ನುತ್ತಾರೆ. ರಸ್ತೆಯ ಮೇಲೆ ಯಾಕೆ ಉಣ್ಣಬೇಕು? ಮನೆ ಬಿದ್ದಿದೆಯೇ?

ಪೈ ಎಂದರೆ ತಿಳಿಯದವರಿಗೆ ಹೇಳುತ್ತೇನೆ. ಹೋಳಿಗೆ ತಟ್ಟಲು ಬೇಸರ ಬಂದು ಯಾರೋ ಹಿಟ್ಟು ನಾದುವ ಪರಾತದಲ್ಲೇ ಬಿಟ್ಟುಹೋದಂತೆ ಇರುತ್ತದೆ. ಕೆಳಗೊಂದು ಮೈದಾದ ಹಾಳೆ, ಮೇಲೊಂದು ಹಾಳೆ, ನಡುವೆ ಹಣ್ಣಿನ ಹೂರಣ. ಭಟ್ಟಿಯಲ್ಲಿಟ್ಟು ಸುಡುತ್ತಾರೆ. ಇಷ್ಟಕ್ಕೆ ಅಷ್ಟು ದೂರ ಕರೆಸಿಕೊಂಡರು.

ನನ್ನ ಅವ್ವ ಕಾಶವ್ವ ಇಂಡಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದವಳು. ಅಪ್ಪ ಖಡಕಿಯ ಕಾರ್ಖಾನೆಯಲ್ಲಿ, ಅವ್ವ ಅಲ್ಲೇ ಹಿಂದಿನ ಒಂದು ಬಂಗಲೆಯಲ್ಲಿ ಅಡುಗೆಯವಳು. ಬಂಗಲೆಯ ಮೇಮಸಾಹೇಬರು ಆಂಗ್ಲೋ-ಇಂಡಿಯನ್. ಬಿಳಿ ಕಡಿಮೆ ಬಿದ್ದಷ್ಟನ್ನು ಅವರು ಪೈಯಿಂದ ತುಂಬಿಕೊಳ್ಳುತ್ತಿದ್ದರು. ಅದು ಇಂಗ್ಲೆಂಡಿನಲ್ಲಿದ್ದ ಅವರ ಅಜ್ಜಿಯ ಪೈಯಂತೆ. ಆ ಅಜ್ಜಿಯನ್ನು ಮನೆಯವರು ಯಾರೂ ಕಂಡಿರಲಿಲ್ಲ. ಆದರೂ ರವಿವಾರ ಬಂತೆಂದರೆ ಸೇಬಿನ ಪೈ ಆಗಲೇಬೇಕು.

ಶನಿವಾರ ಮೇಮಸಾಹೇಬರು ಆರು ಸೇಬು ಎಣಿಸಿ ಅವ್ವನ ಕೈಗೆ ಕೊಡುವರು. ಕೊಟ್ಟು ಹೊರಗೇ ನಿಲ್ಲುವರು. ಅಡುಗೆಮನೆ ಹಿತ್ತಲಲ್ಲಿತ್ತು, ಹೊಗೆ ಇರುತ್ತಿತ್ತು, ಅವರಿಗೆ ಹೊಗೆ ಆಗುತ್ತಿರಲಿಲ್ಲ. ಅವ್ವ ಸೇಬಿನ ಸಿಪ್ಪೆ ತೆಗೆದು ನೀರಿನಲ್ಲಿ ಕುದಿಸುವಳು. ನೀರಿಗೆ ಕೆಂಪು ಬರುತ್ತಿತ್ತು, ವಾಸನೆ ಬರುತ್ತಿತ್ತು. ಆ ನೀರಿನಲ್ಲಿ ಸೋರೆಕಾಯಿ ಹೆಚ್ಚಿ ಹಾಕಿ, ಸಕ್ಕರೆ, ಲವಂಗ, ದಾಲ್ಚಿನ್ನಿ, ನಿಂಬೆರಸ ಹಾಕಿ ಬೇಯಿಸಿ ಪೈಯೊಳಗೆ ತುಂಬುವಳು. ನಮ್ಮ ಕಡೆ ಸೋರೆಕಾಯಿ, ಪುಣೆಯಲ್ಲಿ ದೂಧಿ. ಸುಲಿದ ಆರು ಸೇಬು ಅವಳ ಸೆರಗಿನಲ್ಲಿ ಗಂಟಾಗಿ ನಮ್ಮ ಮನೆಗೆ ಬರುತ್ತಿದ್ದವು. ನಾವು ನಾಲ್ಕು ಮಕ್ಕಳು. ಬರುವಷ್ಟರಲ್ಲಿ ಹಣ್ಣು ಕಪ್ಪಾಗಿರುತ್ತಿತ್ತು. ಸೇಬಿಗೆ ಕೆಂಪು ಸಿಪ್ಪೆ ಇರುತ್ತದೆ ಎಂದು ನನಗೆ ತಿಳಿದದ್ದು ಹತ್ತು ವರ್ಷದವಳಾದ ಮೇಲೆ.

ಹೀಗೆ ನನ್ನ ಅವ್ವ ಕಳ್ಳಿ. ನಾನು ಬೇರೆ ಹೆಸರು ಕೊಡುವುದಿಲ್ಲ. ಅವಳ ನಂತರ ಅದೇ ಮನೆಯಲ್ಲಿ ನಾನು ಅಡುಗೆಗೆ ನಿಂತೆ, ನಾನೂ ಅದನ್ನೇ ಮಾಡಿದೆ, ನನ್ನ ಮಗನೂ ಕಪ್ಪು ಸೇಬು ತಿಂದೇ ಬೆಳೆದ. ಅವರ ಮನೆಯಲ್ಲಿ ಪೈ ತಲೆಮಾರಿನಿಂದ ಬಂತು, ನಮ್ಮ ಮನೆಯಲ್ಲಿ ಸೇಬು. ಮೇಮಸಾಹೇಬರು ಅವ್ವನಿಗೆ ಒಂದು ಚೀಟಿ ಬರೆದುಕೊಟ್ಟಿದ್ದರು: ಕಾಶವ್ವ ಇಷ್ಟು ವರ್ಷದಲ್ಲಿ ಒಂದು ಚಮಚ ಸಕ್ಕರೆ ಮುಟ್ಟಿದವಳಲ್ಲ ಎಂದು. ನಿಜ, ಸಕ್ಕರೆ ಮುಟ್ಟಿರಲಿಲ್ಲ. ಆ ಚೀಟಿಯನ್ನು ಅವ್ವ ದೇವರ ಹಲಗೆಯ ಮೇಲೆ ಇಟ್ಟಿದ್ದಳು. ಸಾಯುವಾಗ ನನ್ನ ಕೈ ಹಿಡಿದು, "ಗಂಗೀ, ದೂಧಿ ಮಾತ ಯಾರ ಮುಂದೂ ಆಡಬ್ಯಾಡ. ನಾ ಸತ್ತ ಮ್ಯಾಲೂ ಆಡಬ್ಯಾಡ" ಎಂದು ಮಾತು ತೆಗೆದುಕೊಂಡಳು. ದೇವರ ಹೆಸರು ಹೇಳಿ ಸಾಯುವವರಿದ್ದಾರೆ, ನನ್ನವ್ವ ದೂಧಿ ಎಂದು ಸತ್ತಳು.

ಮೇಮಸಾಹೇಬರ ಮಗಳು ಡಾಲಿಬಾಯಿ ನನಗಿಂತ ಆರು ವರ್ಷ ದೊಡ್ಡವರು. ಮದುವೆಯಾಗಿ ಇಂಗ್ಲೆಂಡಿಗೆ ಹೋದರು. ನಮ್ಮವ್ವನ ಸೊಂಟದ ಮೇಲೆ ಬೆಳೆದವರಾದ್ದರಿಂದ ಕನ್ನಡ ನಮ್ಮಷ್ಟೇ ಬರುತ್ತಿತ್ತು, ಬೈಗುಳ ನಮಗಿಂತ ಹೆಚ್ಚು. ಎರಡು ವರ್ಷದ ಹಿಂದೆ ಅವರ ಮೊಮ್ಮಗಳು ರೂತ್ ನನ್ನ ಮೊಮ್ಮಗಳು ಸವಿತಾಳ ಮೊಬೈಲಿಗೆ ಮುಖ ಕಾಣುವ ಕರೆ ಮಾಡಿದಳು. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಊಟ ಬಿಟ್ಟಿದ್ದಾರೆ, ಆ ಪೈ ಒಂದೇ ಕೇಳುತ್ತಾರೆ, ನಾವು ಮಾಡಿದ್ದು ಒಪ್ಪುವುದಿಲ್ಲ ಎಂದು ಅತ್ತಳು. ಆಮೇಲೆ ಡಾಲಿಬಾಯಿಯ ಮುಖ ಬಂತು.

"ಗಂಗೀ, ಇನ್ನೂ ಅದೀ ಏನ? ಸಾಯೂದ್ರಾಗ ಒಂದ ಸರ್ತಿ ಮಮ್ಮಿ ಪೈ ತಿನ್ನಬೇಕ ನೋಡ."

ಮಮ್ಮಿ ಪೈ ಅಂತೆ. ನನಗೆ ಸಿಟ್ಟು ಬಂತು. ಸಿಟ್ಟಿಗೇ ಹೋದೆ ಎಂದರೂ ಸುಳ್ಳಲ್ಲ.

ವಿಮಾನ

ಟಿಕೆಟ್ಟು ರೂತ್ ಕಳಿಸಿದಳು. ಮುಂಬಯಿಗೆ ಹೋಗಿ ಹತ್ತಬೇಕು. ಅವ್ವನ ಲಟ್ಟಣಿಗೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಡು ಎಂದು ಸವಿತಾ ಹೇಳಿದ್ದಳು. ನಾನು ಕೈಚೀಲದಲ್ಲಿಟ್ಟುಕೊಂಡೆ. ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು, ಅಜ್ಜೀ ಇದು ಆಯುಧ, ಒಯ್ಯುವಂತಿಲ್ಲ ಎಂದಳು. ಅರವತ್ತು ವರ್ಷ ಚಪಾತಿ ಲಟ್ಟಿಸಿದ ಮರದ ತುಂಡು ಆಯುಧವಾಯಿತು. ಬುಟ್ಟಿಗೆ ಹಾಕಿದಳು. ನಾನು ಅಳಲಿಲ್ಲ. ಮರ ಮರವೇ.

ಪಕ್ಕದಲ್ಲಿ ಕೂತ ಮರಾಠಿ ಗೃಹಸ್ಥರು ಮಗಳ ಬಾಣಂತನಕ್ಕೆ ಹೊರಟಿರೇನು ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ಸೊಸೆಯ ಬಾಣಂತನ ಎಂದು ತಾವೇ ತೀರ್ಮಾನಿಸಿದರು. ನಮ್ಮ ದೇಶದ ಮುದುಕಿ ವಿಮಾನ ಹತ್ತಿದರೆ ಕೆಳಗೆ ಒಂದು ಕೂಸು ಇರಲೇಬೇಕು. ಪೈ ಮಾಡಲು ಹೊರಟಿದ್ದೇನೆ ಎಂದಮೇಲೆ ಅವರು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ನಟಿಸಿದರು.

ತಿನ್ನಲು ಕೊಟ್ಟದ್ದನ್ನು ಹೇಳುವುದಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು.

ರೂತಳ ಮನೆ

ಊರಿನ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಲಂಡನ್ನಿನಿಂದ ಕಾರಿನಲ್ಲಿ ಮೂರು ತಾಸು. ದಾರಿಯುದ್ದಕ್ಕೂ ಹಸಿರು, ಹಸಿರಿನಲ್ಲಿ ಕುರಿ, ಒಬ್ಬ ಮನುಷ್ಯನಿಲ್ಲ. ಕುರಿಗಳನ್ನು ಕಾಯುವವರೇ ಇಲ್ಲ, ಕದಿಯುವವರೂ ಇಲ್ಲ. ನನಗೆ ಅವ್ವನ ನೆನಪಾಯಿತು.

ರೂತ್ ಒಳ್ಳೆಯ ಹುಡುಗಿ, ಅದು ಬೇರೆ ಮಾತು. ಆದರೆ ಆ ಮನೆಯ ಪಾತ್ರೆ ತೊಳೆಯುವುದನ್ನು ನೋಡಬೇಕು. ಸೋಪಿನ ನೀರು ತುಂಬಿದ ಬೋಗುಣಿಯಲ್ಲಿ ತಟ್ಟೆ ಅದ್ದುತ್ತಾರೆ, ನೊರೆ ಇರುವ ಹಾಗೆಯೇ ಬಟ್ಟೆಯಲ್ಲಿ ಒರೆಸಿ ಇಡುತ್ತಾರೆ. ಮತ್ತೆ ನೀರು ಬಿಡುವುದಿಲ್ಲ. ಲೋಕವನ್ನು ಆಳಿದವರು ಸೋಪು ತಿಂದುಕೊಂಡು ಆಳಿದ್ದಾರೆ. ಎರಡನೇ ದಿನದಿಂದ ನನ್ನ ತಟ್ಟೆ ನಾನೇ ತೊಳೆದೆ. ರೂತ್ "ಸಾರಿ" ಎಂದಳು. ಅಲ್ಲಿ ಎಲ್ಲರೂ ಎಲ್ಲದಕ್ಕೂ ಸಾರಿ. ಅಂಗಡಿಯಲ್ಲಿ ನಾನೇ ಒಬ್ಬನ ಕಾಲು ತುಳಿದೆ, ಅವನು ನನಗೆ ಸಾರಿ ಎಂದ.

ನನಗೆ ಬರುವುದು ಮೇಮಸಾಹೇಬರ ಅಡುಗೆಮನೆಯ ಇಂಗ್ಲಿಷ್. ವಾಶ್. ಕಟ್. ನಾಟ್ ಲೈಕ್ ದಟ್. ಗೋ. ನಲವತ್ತು ವರ್ಷದಲ್ಲಿ ಅವರು ನನ್ನೊಡನೆ ಆಡಿದ್ದು ಇಷ್ಟೇ. ಇಷ್ಟರಲ್ಲೇ ನನ್ನ ಕೆಲಸ ನಡೆಯಿತು. ಉಳಿದದ್ದಕ್ಕೆ ಸವಿತಾಳಿಗೆ ಫೋನು.

ಅಡುಗೆಮನೆಯ ಗೋಡೆಯ ಮೇಲೆ ಗಾಜು ಹಾಕಿದ ಒಂದು ಹಳೆಯ ಕಾಗದ ತೂಗುತ್ತಿತ್ತು. ಮೇಮಸಾಹೇಬರ ಅಕ್ಷರ. ರೂತ್ ಅದರ ಮುಂದೆ ದೇವರ ಮುಂದೆ ನಿಂತಂತೆ ನಿಂತು ತೋರಿಸಿದಳು. ಇಂಗ್ಲಿಷ್ ಓದಲು ನನಗೆ ಬಾರದು, ಆರು ಎಂಬ ಅಂಕಿ ಗೊತ್ತಾಯಿತು. ಆರು ಸೇಬು. ನಾನು ಆ ಕಾಗದ ಬರೆಯುವಾಗ ಅಲ್ಲೇ ಇದ್ದೆ, ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಡಾಲಿಬಾಯಿ ಹೊರಡುವ ಮೊದಲು ಮೇಮಸಾಹೇಬರು ಬಾಗಿಲ ಹೊರಗೆ ಕುರ್ಚಿ ಹಾಕಿ ಕೂತು, ಮೂಗಿಗೆ ಕರವಸ್ತ್ರ ಹಿಡಿದು, ಅವ್ವನನ್ನು ಕೇಳಿ ಕೇಳಿ ಬರೆದರು. ಸೇಬು ಎಷ್ಟು ಎಂದು ಕೇಳಿದಾಗ ಅವ್ವ ಕಣ್ಣು ಮಿಟುಕಿಸದೆ ಆರು ಎಂದಳು. ಆ ಸುಳ್ಳನ್ನು ಡಾಲಿಬಾಯಿ ಕಡಲು ದಾಟಿಸಿ ಒಯ್ದರು. ಅವರು ಮಾಡಿದರು, ಬರಲಿಲ್ಲ. ಅವರ ಮಗಳು ಮಾಡಿದಳು, ಬರಲಿಲ್ಲ. ಈಗ ರೂತ್ ತಕ್ಕಡಿಯಲ್ಲಿ ಲವಂಗ ತೂಗಿ ಮಾಡುತ್ತಾಳೆ, ಬರುವುದಿಲ್ಲ. ಸೇಬಿನ ಜಾತಿ ಬದಲಾಯಿಸಿ ನೋಡಿದ್ದಾರೆ, ಬೆಣ್ಣೆ ಬದಲಾಯಿಸಿದ್ದಾರೆ, ಭಟ್ಟಿಯನ್ನೇ ಬದಲಾಯಿಸಿದ್ದಾರೆ. ಕಾಗದ ತಪ್ಪಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬರೆದಿಟ್ಟದ್ದನ್ನು ಅಷ್ಟು ನಂಬುವ ಜನ.

ಸೇಬಿನಿಂದಲೇ ಮಾಡಿದರೆ ದಾಟಿಹೋಗುತ್ತದೇನೋ ಎಂದು ಮರುದಿನ ಸೇಬಿನಿಂದಲೇ ಮಾಡಿದೆ. ಅವ್ವನಿಗೆ ಕೊಟ್ಟ ಮಾತೂ ಉಳಿಯುತ್ತದೆ, ನನ್ನ ಕೆಲಸವೂ ಮುಗಿಯುತ್ತದೆ. ರೂತ್ ಮೊಬೈಲು ಹಿಡಿದು ನನ್ನ ಕೈಯನ್ನೇ ಚಿತ್ರ ತೆಗೆದಳು. ಒಳಗೆ ಎಷ್ಟು ಹೊತ್ತು ಇಡಬೇಕು ಎಂದು ಕೇಳಿದಳು. ನನಗೇನು ಗೊತ್ತು? ನಾವು ಕಾರ್ಖಾನೆಯ ಒಂದು ಭೋಂಗಾ ಕೂಗಿದಾಗ ಒಳಗಿಟ್ಟು ಇನ್ನೊಂದು ಭೋಂಗಾಕ್ಕೆ ತೆಗೆಯುತ್ತಿದ್ದೆವು. ಸವಿತಾ ಇದನ್ನು ಫೋನಿನಲ್ಲಿ ಹೇಳಿದಾಗ ರೂತ್ ಒಂದು ಪುಸ್ತಕದಲ್ಲಿ ಬರೆದುಕೊಂಡಳು. ಏನೆಂದು ಬರೆದಳೋ. ಆ ಊರಿನಲ್ಲಿ ಭೋಂಗಾ ಇಲ್ಲ, ಏನೂ ಇಲ್ಲ. ಮೂಗಿನ ಮೇಲೆ ಭರವಸೆ ಇಟ್ಟು ತೆಗೆದೆ.

ಡಾಲಿಬಾಯಿಯ ಕೋಣೆ

ಮುದುಕರನ್ನು ಇಡುವ ದೊಡ್ಡ ಮನೆ. ಬಿಸಿ ಬಿಸಿ, ಕಿಟಕಿ ತೆರೆಯುವುದಿಲ್ಲ. ಅಲ್ಲಿನ ದಾದಿಯರೆಲ್ಲ ಕೂಸನ್ನು ರಮಿಸುವ ದನಿಯಲ್ಲಿ ಮಾತಾಡಿಸುತ್ತಾರೆ. ಡಾಲಿಬಾಯಿ ದಿಂಬಿಗೆ ಒರಗಿದ್ದರು, ಒಣ ಮೆಣಸಿನಕಾಯಿಯಂತೆ. ಕಣ್ಣು ಮಾತ್ರ ಹಾಗೇ.

"ಬಂದಿ ಏನ? ಇಷ್ಟ ಮುದುಕಿ ಆಗೀಯಲ್ಲೇ!"

"ನೀವೇನ ಹರೇದ ಹುಡುಗಿ ಇದ್ದೀರೇನ್ರಿ?"

"ಹಲ್ಲ ಅದಾವೇನ?"

"ಮ್ಯಾಲಿನವು ಹೋಗ್ಯಾವು. ನಿಮ್ಮವು?"

"ನನ್ನವು ಆ ಕಪ್ಪಿನ್ಯಾಗ ಕುಂತಾವ ನೋಡ. ತಾ ಇತ್ತ."

ಹಲ್ಲು ಕೊಟ್ಟೆ, ಹಾಕಿಕೊಂಡರು. ರೂತ್ ಚಮಚದಲ್ಲಿ ಪೈ ಹಿಡಿದಳು. ಡಾಲಿಬಾಯಿ ಬಾಯಿಗಿಟ್ಟುಕೊಂಡು ಒಮ್ಮೆ ಅಗಿದರು. ಅಗಿಯುವುದು ನಿಂತಿತು. ಕರವಸ್ತ್ರಕ್ಕೆ ಉಗುಳಿದರು.

"ಥೂ. ನಿನಗೂ ಬರಂಗಿಲ್ಲ. ಇದಕ್ಕ ವಿಮಾನ ಹತ್ತಿ ಬಂದ್ಯಾ? ಮಮ್ಮಿ ಇದ್ದಿದ್ರ ನಿನ್ನ ಕೈ ಮ್ಯಾಲ ಹೊಡೀತಿದ್ಲು."

ರೂತ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಳು. ಡಾಲಿಬಾಯಿ ಎರಡು ತಿಂಗಳಿಂದ ನೀರಿನಂಥ ಸೂಪಿನ ಮೇಲೆ ಇದ್ದಾರೆ, ಹೀಗೇ ಹೋದರೆ ಕ್ರಿಸ್‌ಮಸ್ ಕಾಣುವುದಿಲ್ಲ ಎಂದು ವೈದ್ಯರು ಹೇಳಿದ್ದಾರಂತೆ. ಅವರು ಸಾಯುವುದು ನನಗೆ ದೊಡ್ಡದಲ್ಲ, ಎಪ್ಪತ್ತೇಳು ಕಡಿಮೆ ವಯಸ್ಸಲ್ಲ. ನನಗೆ ಬರುವುದಿಲ್ಲ ಎಂದರಲ್ಲ, ಅದು ಚುಚ್ಚಿತು.

ಗುಜರಾತಿಯ ಅಂಗಡಿ

ರೂತಳಿಗೆ ಲವಂಗ ಹಳತಾಗಿದೆ ಎಂದೆ. ಅರ್ಧ ತಾಸು ಕಾರು ಓಡಿಸಿ ಒಂದು ಗುಜರಾತಿ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ನಮ್ಮ ಮಾರ್ಕೆಟ್ಟಿನಲ್ಲಿ ಹಸುವಿಗೆ ಹಾಕುವಂಥ ತರಕಾರಿಯನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮದುಮಗಳಂತೆ ಕೂರಿಸಿದ್ದರು. ಒಂದು ದೂಧಿ ಸಿಕ್ಕಿತು. ಉಗುರು ಊರಿ ನೋಡಿದೆ. ಅಂಗಡಿಯ ಒಡತಿ, ಗುಜರಾತಿ ಬೆನ್‌ ಹಿಂದಿಯಲ್ಲಿ, ಅಜ್ಜೀ, ತಾಜಾ ಮಾಲು ಎಂದಳು. ತಾಜಾ ಅಂತೆ, ನನಗಿಂತ ಎರಡು ವರ್ಷ ಚಿಕ್ಕದಿತ್ತು. ಇದೇನು ಎಂದು ರೂತ್ ಕೇಳಿದಳು. ನನ್ನ ಊಟಕ್ಕೆ ಪಲ್ಯ ಎಂದು ಸನ್ನೆ ಮಾಡಿದೆ.

ದಾರಿಯಲ್ಲಿ ಅವಳು ಆರು ಸೇಬು ಕೊಂಡಳು. ಎಣಿಸಿ ನನ್ನ ಕೈಗೆ ಕೊಟ್ಟಳು. ಅದೇ ಮನೆತನದ ಕೈ. ಎಣಿಸುವುದು ರಕ್ತದಲ್ಲೇ ಇರಬೇಕು.

ಅಡುಗೆಮನೆ

ರೂತ್ ಮತ್ತೆ ಮೊಬೈಲು ಹಿಡಿದು ನಿಂತಳು. "ಗೋ" ಎಂದೆ. ನಕ್ಕಳು. "ಗೋ!" ಎಂದು ಮೇಮಸಾಹೇಬರ ದನಿ ತೆಗೆದೆ. ಹೋದಳು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟೆ.

ಸೇಬು ಸುಲಿದೆ, ಸಿಪ್ಪೆ ಕುದಿಸಿದೆ, ಅರ್ಧ ದೂಧಿ ಹೆಚ್ಚಿ ಹಾಕಿದೆ. ಲಟ್ಟಣಿಗೆ ಹೋಗಿತ್ತು, ಹಿಟ್ಟನ್ನು ಎಣ್ಣೆಯ ಸೀಸೆಯಿಂದ ಲಟ್ಟಿಸಿದೆ. ಮನೆಯಲ್ಲಿ ರೂತಳ ಲಟ್ಟಣಿಗೆ ಇತ್ತು, ಎರಡೂ ತುದಿಗೆ ಹಿಡಿಕೆಯದು, ಸೈಕಲ್ಲಿನ ಹ್ಯಾಂಡಲಿನಂತೆ. ಅದರಲ್ಲಿ ಹಿಟ್ಟು ತಿಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಸುಲಿದ ಆರು ಸೇಬು ಕಟ್ಟೆಯ ಮೇಲೆ ಬೆತ್ತಲೆ ಕೂತಿದ್ದವು. ಕಸದ ಡಬ್ಬಿಗೆ ಹಾಕಿದರೆ ಅವಳು ನೋಡುತ್ತಾಳೆ. ನಾನು ಯೋಚಿಸುವಷ್ಟರಲ್ಲಿ ನನ್ನ ಸೆರಗು ಆಗಲೇ ಬಿಚ್ಚಿತ್ತು, ಆರೂ ಸೇಬು ಅದರಲ್ಲಿದ್ದವು, ಕೈ ಗಂಟು ಹಾಕುತ್ತಿತ್ತು. ಒಯ್ಯಲು ಮಕ್ಕಳೂ ಇಲ್ಲ, ಮನೆಯೂ ಇಲ್ಲ. ಆದರೂ ಒಯ್ದೆ. ನನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟೆ. ಎಪ್ಪತ್ತೊಂದು ವರ್ಷಕ್ಕೆ ಮತ್ತೆ ಅದೇ ಮನೆಯ ಸೇಬು ಕದ್ದೆ.

ಮತ್ತೆ ಡಾಲಿಬಾಯಿ

ಒಂದು ಚಮಚ ತಿಂದರು. ಇನ್ನೊಂದು ತಿಂದರು. ಆಮೇಲೆ ರೂತಳ ಕೈಯಿಂದ ಚಮಚ ಕಿತ್ತುಕೊಂಡು ತಾವೇ ತಿಂದರು. ಅರ್ಧ ಪೈ ಹೋಯಿತು. ರೂತ್ ಕುಣಿಯುತ್ತ ದಾದಿಯರನ್ನು ಕರೆಯಲು ಓಡಿದಳು.

"ಇದ. ಇದ ನೋಡ ಗಂಗಿ. ಮಮ್ಮಿ ಪೈ."

ಅಷ್ಟು ಸಾಕಾಯಿತು. ನನ್ನ ನಾಲಿಗೆಗೆ ಬೀಗ ಇಲ್ಲ.

"ಡಾಲಿಬಾಯಿ, ನಿಮ್ಮ ಮಮ್ಮಿ ಜನ್ಮದಾಗ ಹಿಟ್ಟ ಮುಟ್ಟಿಲ್ರಿ. ಇದು ನಮ್ಮವ್ವನ ಪೈ."

"ಮಾಡಾಕಿ ಕಾಶವ್ವ. ಪೈ ಮಮ್ಮೀದು. ಸೇಬ ಮಮ್ಮೀವು."

"ಸೇಬ ಇದ್ರಾಗ ಇಲ್ಲೇ ಇಲ್ರಿ. ಎಂದೂ ಇದ್ದಿಲ್ಲ. ದೂಧಿ ಅದ."

ಡಾಲಿಬಾಯಿ ತಟ್ಟೆ ನೋಡಿದರು. ಚಮಚದಿಂದ ಕೆದಕಿದರು. ನಾನು ಹೆದರಿದೆ, ಅವರಿಗಾಗಿ ಅಲ್ಲ, ದೇವರ ಹಲಗೆಯ ಮೇಲಿನ ಚೀಟಿಗಾಗಿ.

"ಹಂಗಾದ್ರ ಸೇಬ ಯಾರ ತಿಂದ್ರು?"

"ನಾವು."

"ಎಲ್ಲಾ?"

"ಆರಕ್ಕ ಆರೂ. ವಾರಾ ವಾರಾ."

"ನನಗೊಂದ ಹಸೀ ಸೇಬ ಕೊಡ ಅಂತ ಮಮ್ಮೀನ್ನ ಎಷ್ಟ ಬೇಡ್ಕೊಂಡೀನಿ. ಪೈಗಿ ಕಡಿಮಿ ಬೀಳ್ತಾವ ಅಂತ ಒಂದ ಹೋಳ ಕೊಡಲಿಲ್ಲ ಆಕಿ. ನಾ ಬಂಗಲೇದಾಗ ಕುಂತ ದೂಧಿ ತಿಂದೆ, ನೀ ಚಾಳಿನ್ಯಾಗ ಕುಂತ ಸೇಬ ತಿಂದಿ! ಕಳ್ಳ ಮುಂಡೇರಾ!"

ಹಾಸಿಗೆ ಅಲುಗತೊಡಗಿತು. ಹೋದರು ಎಂದುಕೊಂಡೆ. ನಗುತ್ತಿದ್ದರು. ಹಲ್ಲಿನ ಕಟ್ಟು ಜಾರಿ ಹೊದಿಕೆಯ ಮೇಲೆ ಬಿತ್ತು.

"ಹೆಂಗ ಇರ್ತಿದ್ವ?"

"ಹಿಟ್ಟಹಿಟ್ಟ ಇರ್ತಿದ್ವು. ಕಪ್ಪ ಆಗಿರ್ತಿದ್ವು."

"ಛಲೋ ಆತು. ಇನ್ನ ಹುಡುಗೀಗಿ ಹೇಳ."

"ಹೇಳಂಗಿಲ್ರಿ. ಅವ್ವಗ ಮಾತ ಕೊಟ್ಟೀನಿ. ಸತ್ತಾಕಿನ್ನ ಕಳ್ಳಿ ಮಾಡ್ಲೇನು?"

ಡಾಲಿಬಾಯಿ ಹಲ್ಲು ಎತ್ತಿ ಒರೆಸಿ ಹಾಕಿಕೊಂಡರು. ಬಿಳಿಯರ ದೇಶದಲ್ಲಿ ಐವತ್ತೈದು ವರ್ಷ ಇದ್ದು ಸೋಪು ತಿಂದರೂ ಬುದ್ಧಿ ಕೆಟ್ಟಿರಲಿಲ್ಲ.

"ನೀ ನಾಡಿದ್ದ ಪುಣೇಕ್ಕ ಹೋಗ್ತಿ. ಆಮ್ಯಾಲ ನನಗ ಯಾರ ಮಾಡಿ ಹಾಕ್ತಾರ? ಆ ಗ್ವಾಡಿ ಮ್ಯಾಲಿನ ಕಾಗದ? ಕಾಶವ್ವ ಕಳ್ಳಿ ಅಂದ್ರ ಕಳ್ಳಿ. ಅದನ್ನ ತಿಂದ ಮಮ್ಮಿ ಪಿಟ್ಟ ಅನ್ನಲಿಲ್ಲ, ನಾನೂ ಅನ್ನಂಗಿಲ್ಲ. ಸುಳ್ಳ ಹೇಳಿ ಆಕಿನ್ನ ಸಂಭಾವಿತ ಮಾಡ್ತಿ, ಪೈ ಮಣ್ಣಿಗಿ ಹಾಕ್ತಿ. ಯಾವುದ ಉಳೀಬೇಕ, ನೀನ ಹೇಳ."

ಅಷ್ಟರಲ್ಲಿ ರೂತ್ ಇಬ್ಬರು ದಾದಿಯರನ್ನು ಕರೆದುಕೊಂಡು ಬಂದಳು. ಅವರು ಅರ್ಧ ಖಾಲಿಯಾದ ತಟ್ಟೆ ನೋಡಿ ಅದೇ ಕೂಸು ರಮಿಸುವ ದನಿಯಲ್ಲಿ ಹೊಗಳಿ ಚಪ್ಪಾಳೆ ತಟ್ಟಿದರು. ರೂತ್ ಅವರಿಗೆ ತನ್ನ ಮುತ್ತಜ್ಜಿಯ ಕಥೆ ಹೇಳಿದಳು, ನಾಲ್ಕು ತಲೆಮಾರಿನ ಸೇಬಿನ ಪೈ ಎಂದು ನಾಲ್ಕು ಬೆರಳು ತೋರಿಸಿದಳು. ಡಾಲಿಬಾಯಿ ನನ್ನ ಕಡೆ ನೋಡಿ ಒಂದು ಹುಬ್ಬು ಏರಿಸಿದರು.

ಮರುದಿನ

ಮರುದಿನ ಬೆಳಿಗ್ಗೆ ಎದ್ದು ಸವಿತಾಳಿಗೆ ಫೋನು ಹಚ್ಚಿದೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿನಲ್ಲಿ ಹೇಳು, ಸಕ್ಕರೆ ಸವರಬೇಡ ಎಂದೆ. ಪೆಟ್ಟಿಗೆಯಿಂದ ಆರು ಸೇಬು ತಂದು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟೆ. ರಾತ್ರಿ ಕಳೆದು ಚೆನ್ನಾಗಿ ಕಪ್ಪಾಗಿದ್ದವು. ಸವಿತಾ ಹೇಳಿ ಮುಗಿಸುವಷ್ಟು ಹೊತ್ತು ರೂತ್ ಸೇಬು ನೋಡಿದಳು, ಗೋಡೆಯ ಕಾಗದ ನೋಡಿದಳು, ನನ್ನ ಸೆರಗು ನೋಡಿದಳು. ಕೊನೆಗೆ ಸಾರಿ ಎಂದಳು. ಯಾರ ಪರವಾಗಿಯೋ.

ನಮ್ಮವ್ವನ ಹೆಸರು ಏನು ಎಂದು ಕೇಳಿದಳು. ಹೇಳಿದೆ. ಕಾಗದ ಇಳಿಸಿ, ಗಾಜು ತೆಗೆದು, ಪೆನ್ನು ನನ್ನ ಕೈಗೇ ಕೊಟ್ಟಳು. ಆ ಆರರ ಮೇಲೆ ಗೀಟು ಎಳೆದು ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ: ದೂಧಿ ಅರ್ಧ. ಕಾಶವ್ವ. ಶಾಲೆಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತ ಅಕ್ಷರ, ಡೊಂಕು. ಓದುವವರು ಅಲ್ಲಿ ಯಾರೂ ಇಲ್ಲ, ಡೊಂಕಾದರೇನು.

ಉಳಿದಿದ್ದ ಅರ್ಧ ದೂಧಿಯನ್ನು ಅವಳ ಮುಂದಿಟ್ಟೆ. ಚಾಕು ಕೊಟ್ಟೆ. ಮೇಮಸಾಹೇಬರ ಮರಿಮೊಮ್ಮಗಳು ನಿಂತು ದೂಧಿಯ ಸಿಪ್ಪೆ ತೆಗೆದಳು, ಬೆರಳು ದಪ್ಪ ಸಿಪ್ಪೆ, ತಿರುಳೆಲ್ಲ ಅದರಲ್ಲೇ ಹೋಗುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕೂತೆ, ಒಂದು ಕಪ್ಪು ಸೇಬು ಎತ್ತಿ ಕಚ್ಚಿದೆ. ಬರೀ ಹುಳಿ. "ನಾಟ್ ಲೈಕ್ ದಟ್" ಎಂದೆ, ಬಾಯಿ ತುಂಬ ಇಟ್ಟುಕೊಂಡು.